ಸ್ಕೀ ಪ್ರವಾಸಕ್ಕೆ ಪೂರ್ತಿ ಹಣ ಕಟ್ಟುವ ಮೊದಲು

ಇದನ್ನು ಬರೆಯುತ್ತಿರುವುದು 2021ರ ಡಿಸೆಂಬರಿನಲ್ಲಿ. ಹಿಮದ ಮೇಲೆ ಜಾರುವ ಆಟಕ್ಕೆಂದು ಹೋಗುವ ಸ್ಕೀ ಪ್ರವಾಸದ ಮಾತು ಮತ್ತೆ ಎಲ್ಲರ ಬಾಯಲ್ಲೂ ಇದೆ. ಕಳೆದ ಚಳಿಗಾಲದಲ್ಲಿ ಕೈತಪ್ಪಿದ್ದು ಈ ಸಲವಾದರೂ ದಕ್ಕಲಿ ಎಂಬ ಆಸೆ ನನಗೂ ಇದೆ. ಆದರೆ ಕೋವಿಡ್‌ನ ಹೊಸ ರೂಪಾಂತರಿ ಓಮಿಕ್ರಾನ್ ಹಬ್ಬುತ್ತಿದೆ. ಆಸ್ಟ್ರಿಯಾ ನವೆಂಬರ್ 22ರಂದು ಮತ್ತೆ ಲಾಕ್‌ಡೌನ್ ಹೇರಿತು. ಡಿಸೆಂಬರ್ 18ರಿಂದ ಬ್ರಿಟನ್ನಿನ ಪ್ರವಾಸಿಗರಿಗೆ ಫ್ರಾನ್ಸಿನ ಬಾಗಿಲು ಮುಚ್ಚಿತು. ಇಂಥ ಹೊತ್ತಿನಲ್ಲಿ ಪೂರ್ತಿ ಹಣ ಕಟ್ಟಲು ಹೊರಟಿರುವವರು ದಯವಿಟ್ಟು 2021ರ ಫೆಬ್ರವರಿಯಲ್ಲಿ ನಮಗೆ ಆದದ್ದನ್ನು ಓದಿ, ಆಮೇಲೆ ನಿರ್ಧರಿಸಿ.

ಆಗ ನಾವಿದ್ದದ್ದು ಇಟಲಿಯ ಲೊಂಬಾರ್ಡಿ ಪ್ರಾಂತ್ಯದಲ್ಲಿ. ಆ ಚಳಿಗಾಲದಲ್ಲಿ, ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಸ್ಕೀ ಲಿಫ್ಟ್‌ಗಳು ತೆರೆಯುವ ದಿನ ಕೋವಿಡ್ ಕಾರಣ ಮುಂದಕ್ಕೆ ಹೋಗುತ್ತಲೇ ಇತ್ತು. ಮೊದಲು ಜನವರಿ 7 ಎಂದರು, ಆಮೇಲೆ 18 ಎಂದರು, ಕೊನೆಗೆ ಫೆಬ್ರವರಿ 15ಕ್ಕೆ ಬಂದು ನಿಂತಿತು. ಎರಡು ಸಲ ತಪ್ಪಿದ ದಿನಾಂಕ ಮೂರನೆಯ ಸಲವೂ ತಪ್ಪಬಹುದು ಎಂದು ಅನುಮಾನಿಸಬೇಕಿತ್ತು. ನಾವು ಮಾತ್ರ ಇನ್ನೆಷ್ಟು ಸಲ ಮುಂದೂಡಿಯಾರು ಎಂದುಕೊಂಡೆವು. ಫೆಬ್ರವರಿ 1ರಂದು ಲೊಂಬಾರ್ಡಿ ಹಳದಿ ವಲಯಕ್ಕೆ, ಅಂದರೆ ನಿರ್ಬಂಧ ಸಡಿಲವಿರುವ ವಲಯಕ್ಕೆ, ಬಂದಿತ್ತು. ಬೇರೆ ಪ್ರಾಂತ್ಯಕ್ಕೆ ಹೋಗುವಂತಿರಲಿಲ್ಲವಾದರೂ ಒಳಗೆ ಓಡಾಡಲು ಅಡ್ಡಿಯಿರಲಿಲ್ಲ. ಸ್ಕೀಗೆ ಹೆಸರಾದ ಬೊರ್ಮಿಯೊ ಊರು ನಮ್ಮದೇ ಪ್ರಾಂತ್ಯದಲ್ಲಿದೆ.

ಒಂದು ಬುಕಿಂಗ್ ಸಂಸ್ಥೆಯ ಮೂಲಕ ಅಲ್ಲಿ ಒಂದು ವಾರಕ್ಕೆ ಮನೆ ಹಿಡಿದೆವು. ರದ್ದು ಮಾಡಿದರೆ ಹಣ ವಾಪಸ್ಸಿಲ್ಲ ಎಂಬ ಷರತ್ತಿಗೆ ಒಪ್ಪಿದರೆ ಬಾಡಿಗೆ ಕಡಿಮೆ, ಹಾಗಾಗಿ ಒಪ್ಪಿದೆವು. ಲಿಫ್ಟ್ ಪಾಸು, ಮಕ್ಕಳ ತರಬೇತಿ, ಬೂಟು ಮತ್ತು ಸ್ಕೀಗಳ ಬಾಡಿಗೆ ಎಲ್ಲವನ್ನೂ ಬೇರೆ ಬೇರೆ ಕಡೆ ಮಾಡಿಕೊಂಡೆವು. ಲಿಫ್ಟ್ ತೆರೆಯದಿದ್ದರೆ ಹೇಗೆ ಎಂದು ನಾನು ಬುಕಿಂಗ್ ಸಂಸ್ಥೆಯವರನ್ನು ಫೋನಿನಲ್ಲಿ ಕೇಳಿದ್ದೆ. "ತೆರೆದೇ ತೆರೆಯುತ್ತವೆ, ಸರ್ಕಾರವೇ ಹೇಳಿದೆಯಲ್ಲ" ಎಂದಿದ್ದರು. ಆ ಮಾತನ್ನು ಬರಹದಲ್ಲಿ ಪಡೆಯಲಿಲ್ಲ. ಅದೇ ನಾನು ಮಾಡಿದ ಮೊದಲ ತಪ್ಪು.

ಫೆಬ್ರವರಿ 14, ಭಾನುವಾರ ಮಧ್ಯಾಹ್ನ ತಲುಪಿದೆವು. ಸಂಜೆ ಬೂಟು ತೆಗೆದುಕೊಳ್ಳಲು ಹೋದಾಗ ಅಂಗಡಿಯಾತ ನೆಲದ ಮೇಲೆ ಮಂಡಿಯೂರಿ ಮಗನ ಕಾಲಿಗೆ ಬೂಟು ಹಾಕಿ, ಮೂರು ಕೊಂಡಿಗಳನ್ನೂ ಬಿಗಿದು, "ಮೊಣಕಾಲು ಮುಂದಕ್ಕೆ ಬಾಗಿಸು, ಬೆರಳು ತಾಗುತ್ತಿದೆಯೇ?" ಎಂದು ಕೇಳುತ್ತಿದ್ದ. ಅಷ್ಟರಲ್ಲಿ ಅವನ ಮೊಬೈಲ್ ಸದ್ದು ಮಾಡಿತು. ನೋಡಿದ. ಮತ್ತೊಮ್ಮೆ ನೋಡಿದ. ಏನೂ ಹೇಳದೆ ಬಿಗಿದ ಕೊಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಆರೋಗ್ಯ ಸಚಿವ ರಾಬರ್ಟೊ ಸ್ಪೆರಾಂಜಾ ಆದೇಶಕ್ಕೆ ಸಹಿ ಹಾಕಿದ್ದರು. ಬ್ರಿಟನ್ನಿನಲ್ಲಿ ಮೊದಲು ಕಂಡ ರೂಪಾಂತರಿ ವೈರಸ್ ಇಟಲಿಯಲ್ಲೂ ಹರಡುತ್ತಿದ್ದ ಕಾರಣ, ಹವ್ಯಾಸಿಗಳಿಗೆ ಮಾರ್ಚ್ 5ರವರೆಗೆ ಸ್ಕೀಯಿಂಗ್ ಇಲ್ಲ. ಲಿಫ್ಟ್ ತೆರೆಯಲು ಒಂದು ರಾತ್ರಿಯಷ್ಟೇ ಉಳಿದಿತ್ತು.

ಮರುದಿನ ಬೆಳಿಗ್ಗೆ ಬೆಟ್ಟದ ಬುಡಕ್ಕೆ ಹೋಗಿ ನಿಂತೆವು. ಯಂತ್ರಗಳು ಇಳಿಜಾರಿನ ಹಿಮವನ್ನೆಲ್ಲ ಸಮಮಾಡಿ, ಬಾಚಣಿಗೆ ಎಳೆದಂತೆ ಸಾಲು ಸಾಲು ಗೆರೆ ಮೂಡಿಸಿದ್ದವು. ಅದರ ಮೇಲೆ ಒಂದು ಹೆಜ್ಜೆ ಗುರುತೂ ಇರಲಿಲ್ಲ. ಲಿಫ್ಟಿನ ಕುರ್ಚಿಗಳು ಅಲುಗಾಡದೆ ತೂಗಿಕೊಂಡಿದ್ದವು. ವಾರಗಟ್ಟಲೆ ದುಡಿದು ಎಲ್ಲವನ್ನೂ ಅಣಿಗೊಳಿಸಿದ್ದ ಕೆಲಸಗಾರರು ಒಂದು ಕಡೆ ಗುಂಪುಗೂಡಿ ನಿಂತಿದ್ದರು. ಅವರ ನಷ್ಟದ ಮುಂದೆ ನಮ್ಮದು ಸಣ್ಣದು. ಅದೇ ವಾರ ಇಟಲಿಯದೇ ಕೊರ್ಟಿನಾ ದ'ಆಂಪೆಟ್ಸೊದಲ್ಲಿ ಪ್ರೇಕ್ಷಕರಿಲ್ಲದೆ ಸ್ಕೀ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. ಟಿವಿಯಲ್ಲಿ ಅದನ್ನು ನೋಡುತ್ತಾ, ಅವರಿಗೆ ಆಗುವುದು ನಮಗೇಕೆ ಆಗದು ಎಂದು ಮಗಳು ಕೇಳಿದಾಗ ಅವಳಿಗೆ ಒಪ್ಪಿಗೆಯಾಗುವ ಉತ್ತರ ನನ್ನಲ್ಲಿರಲಿಲ್ಲ.

ಇನ್ನು ಹಣದ ವಿಷಯ. ಲಿಫ್ಟ್ ಪಾಸಿನ ಹಣ ಬಂತು, ಏಕೆಂದರೆ ಲಿಫ್ಟ್ ನಡೆಸುವವರೇ ಸೇವೆ ಕೊಟ್ಟಿರಲಿಲ್ಲ. ಮನೆಯ ಬಾಡಿಗೆ, ಅಂದರೆ ಖರ್ಚಿನ ಬಹುಪಾಲು, ಬರಲಿಲ್ಲ. ಬುಕಿಂಗ್ ಸಂಸ್ಥೆಯ ವಾದ ಸರಳವಾಗಿತ್ತು: ಮನೆ ತೆರೆದಿದೆ, ಬೀಗದ ಕೈ ನಿಮ್ಮ ಕೈಯಲ್ಲಿದೆ, ಬೆಟ್ಟಕ್ಕೂ ನಮಗೂ ಸಂಬಂಧವಿಲ್ಲ. ಎಷ್ಟು ಕೋಪ ಬಂದರೂ ಒಪ್ಪಂದದಲ್ಲಿ ಬರೆದದ್ದು ಅದೇ. ತಿಂಗಳುಗಟ್ಟಲೆ ಪತ್ರ ಬರೆದ ಮೇಲೆ ಅರ್ಧ ಮೊತ್ತಕ್ಕೆ ಒಂದು ವೋಚರ್ ಕಳಿಸಿದರು. ಅದು ಒಂದು ವರ್ಷಕ್ಕೆ ಮಾತ್ರ, ಅದರಲ್ಲೂ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ವಾರಗಳಿಗೆ ಅನ್ವಯಿಸುವುದಿಲ್ಲ. ಮಕ್ಕಳಿಗೆ ರಜೆ ಇರುವುದೇ ಆ ವಾರಗಳಲ್ಲಿ.

ವಿಮೆ ಇತ್ತಲ್ಲ ಎಂದು ಕೇಳುತ್ತೀರಿ. ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆದದ್ದು 2020ರ ಮಾರ್ಚ್ 11ರಂದು, ನಾವು ವಿಮೆ ಮಾಡಿಸಿದ್ದು ಅದಾಗಿ ಎಷ್ಟೋ ತಿಂಗಳ ಮೇಲೆ. ಮೊದಲೇ ತಿಳಿದಿರುವ ಘಟನೆಯಿಂದಾದ ನಷ್ಟಕ್ಕೂ ಸರ್ಕಾರದ ಆದೇಶದಿಂದಾದ ನಷ್ಟಕ್ಕೂ ಪರಿಹಾರವಿಲ್ಲ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಮಗೇ ಸೋಂಕು ತಗುಲಿದ್ದರೆ ಮಾತ್ರ ಹಣ ಕೊಡುತ್ತಿದ್ದರಂತೆ. ಆದ್ದರಿಂದ ಕೋವಿಡ್‌ಗೆ ವಿಮೆ ಇದೆ ಎಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ಸಮಾಧಾನಪಡಬೇಡಿ. ಲಿಫ್ಟ್ ಮುಚ್ಚಿದರೆ, ಗಡಿ ಮುಚ್ಚಿದರೆ, ಅಲ್ಲಿಗೆ ಹೋದ ಮೇಲೆ ಕ್ವಾರಂಟೈನ್ ಆದರೆ ಏನು ಕೊಡುತ್ತೀರಿ ಎಂದು ಒಂದೊಂದನ್ನೂ ಬಿಡಿಸಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಆಮೇಲೆ ತಿಳಿದದ್ದು ಇನ್ನೊಂದಿದೆ. ನಮಗೆ ಅತಿ ಹೆಚ್ಚು ನೋವು ಕೊಟ್ಟದ್ದೂ ಇದೇ. ಯುರೋಪಿಯನ್ ಒಕ್ಕೂಟದ 2015ರ ಪ್ಯಾಕೇಜ್ ಪ್ರವಾಸ ನಿರ್ದೇಶನದ ಪ್ರಕಾರ, ತಪ್ಪಿಸಲಾಗದ ಅಸಾಧಾರಣ ಪರಿಸ್ಥಿತಿಯಿಂದ ಪ್ಯಾಕೇಜ್ ರದ್ದಾದರೆ 14 ದಿನಗಳೊಳಗೆ ಪೂರ್ತಿ ಹಣ ವಾಪಸ್ ಕೊಡಬೇಕು. ವಸತಿಯ ಜೊತೆ ಸ್ಕೀ ಪಾಸು, ಸಲಕರಣೆ ಬಾಡಿಗೆಯನ್ನೂ ಒಟ್ಟಿಗೆ ಕೊಂಡು, ಅವುಗಳ ಪಾಲು ಒಟ್ಟು ಬೆಲೆಯ ಶೇ 25ಕ್ಕಿಂತ ಕಡಿಮೆ ಇಲ್ಲದಿದ್ದರೆ ಅದನ್ನೂ ಪ್ಯಾಕೇಜ್ ಎಂದು ಪರಿಗಣಿಸಬಹುದು. ಅಗ್ಗವಾಯಿತೆಂದು ನಾಲ್ಕು ಕಡೆ ಬಿಡಿಬಿಡಿಯಾಗಿ ಕೊಂಡ ನಮಗೆ ಆ ರಕ್ಷಣೆ ಸಿಗಲಿಲ್ಲ.

ಗಡಿ ದಾಟಿ ಹೋಗುವವರು ಇನ್ನೂ ಹೆಚ್ಚು ಯೋಚಿಸಬೇಕು. ಸ್ವಿಟ್ಜರ್ಲೆಂಡ್ 2020ರ ಡಿಸೆಂಬರ್ 21ರಂದು ಆದೇಶ ಹೊರಡಿಸಿ, ಅದೇ ತಿಂಗಳ 14ರಿಂದ ಬ್ರಿಟನ್ನಿನಿಂದ ಬಂದವರೆಲ್ಲ ಹತ್ತು ದಿನ ಕ್ವಾರಂಟೈನ್‌ನಲ್ಲಿ ಇರಬೇಕೆಂದಿತು. ಬಂದಿಳಿದಾಗ ಇಲ್ಲದ ನಿಯಮ ವಾರದ ನಂತರ ಹಿಂದಿನ ದಿನಾಂಕದಿಂದ ಜಾರಿಗೆ ಬಂತು. ಅಲ್ಲಿನ ಸ್ಕೀ ಊರಾದ ವೆರ್ಬಿಯೆಯಲ್ಲಿದ್ದ ನೂರಾರು ಬ್ರಿಟಿಷ್ ಪ್ರವಾಸಿಗರು ರಾತ್ರೋರಾತ್ರಿ ಜಾಗ ಖಾಲಿ ಮಾಡಿದ್ದು ಆಗ ದೊಡ್ಡ ಸುದ್ದಿಯಾಗಿತ್ತು. ಹತ್ತು ದಿನ ಹೆಚ್ಚಿಗೆ ಉಳಿಯಲು ಬೇಕಾದ ಹಣ, ರಜೆ, ಔಷಧ ಇಲ್ಲದಿದ್ದರೆ ಹೋಗಲೇಬೇಡಿ.

ಹೇಳಲು ನಾಚಿಕೆಯಾಗುವ ಮಾತೊಂದಿದೆ. ಹೊರಡುವ ಹಿಂದಿನ ದಿನ ಮಗನಿಗೆ ಸಣ್ಣಗೆ ಕೆಮ್ಮಿತ್ತು. ಚಳಿಗೆ ಬಂದದ್ದು ಎಂದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡೆವು, ಪರೀಕ್ಷೆ ಮಾಡಿಸಲಿಲ್ಲ. ಹಣ ವಾಪಸ್ ಬರುವಂತಿದ್ದರೆ ಖಂಡಿತ ಮಾಡಿಸುತ್ತಿದ್ದೆವು. ಅದು ಬರೀ ನೆಗಡಿಯಾಗಿತ್ತು ಎಂಬುದು ನಮ್ಮ ಅದೃಷ್ಟ, ಅಷ್ಟೇ. ಅಂಗಡಿಯಾತ ಅವನ ಮುಖದ ಹತ್ತಿರವೇ ಮಂಡಿಯೂರಿದ್ದನಲ್ಲ ಎಂದು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಆಸ್ಟ್ರಿಯಾದ ಸ್ಕೀ ಊರಾದ ಇಶ್‌ಗ್ಲ್‌ನಲ್ಲಿ ಏನಾಯಿತೆಂದು ನಮಗೆ ಗೊತ್ತಿತ್ತು. 2020ರ ಮಾರ್ಚ್ 5ರಂದೇ ಐಸ್‌ಲೆಂಡ್ ಆ ಊರನ್ನು ಅಪಾಯದ ಪ್ರದೇಶವೆಂದು ಘೋಷಿಸಿತ್ತು, ಕಣಿವೆಗೆ ದಿಗ್ಬಂಧನ ಹಾಕಿದ್ದು 13ರಂದು. ಅಲ್ಲಿ ರಜೆ ಕಳೆದವರ ಜೊತೆ ಸೋಂಕು ಯುರೋಪಿನ ಎಷ್ಟೋ ದೇಶಗಳಿಗೆ ಹೋಯಿತು. ಇನ್ಸ್‌ಬ್ರುಕ್ ವೈದ್ಯಕೀಯ ವಿಶ್ವವಿದ್ಯಾಲಯ ಆ ಏಪ್ರಿಲ್‌ನಲ್ಲಿ ಪರೀಕ್ಷಿಸಿದ ಊರಿನವರಲ್ಲಿ ಶೇ 42.4ರಷ್ಟು ಮಂದಿಯ ರಕ್ತದಲ್ಲಿ ಪ್ರತಿಕಾಯಗಳು ಕಂಡವು. ಹಾಗಾಗಿ ಲಿಫ್ಟ್ ಮುಚ್ಚಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಕಾಯಿಲೆ ಇದ್ದರೂ ಹೊರಡುವಂತೆ ಮಾಡುವ ಬುಕಿಂಗ್ ಮಾಡಬೇಡಿ ಎನ್ನುತ್ತಿದ್ದೇನೆ.

ಮಾರ್ಚ್ 5 ಕಳೆದರೂ ಆ ವರ್ಷ ಇಟಲಿಯಲ್ಲಿ ಲಿಫ್ಟ್‌ಗಳು ನಮ್ಮಂಥವರಿಗೆ ತೆರೆಯಲಿಲ್ಲ. ಈ ಸಲ ನಾವು ಹೊರಡುವ ಎರಡು ದಿನ ಮುಂಚಿನವರೆಗೂ ಹಣ ಕಳೆದುಕೊಳ್ಳದೆ ರದ್ದು ಮಾಡಬಹುದಾದ ಕೋಣೆಯೊಂದನ್ನು ಮಾತ್ರ ಕಾದಿರಿಸಿದ್ದೇವೆ. ಬಾಡಿಗೆ ಹೆಚ್ಚು, ಇರಲಿ. ಲಿಫ್ಟ್ ಪಾಸನ್ನು ಅಲ್ಲಿಗೆ ಹೋದ ಮೇಲೆ ನೋಡಿಕೊಳ್ಳುತ್ತೇವೆ. ಬೂಟಿನ ಅಂಗಡಿಯಾತ ಆ ಭಾನುವಾರ ಸಂಜೆಯೇ, ನಾವು ಕೇಳುವ ಮೊದಲೇ, ಕೊಟ್ಟ ಹಣವನ್ನೆಲ್ಲ ಎಣಿಸಿ ವಾಪಸ್ ಕೊಟ್ಟಿದ್ದ. ಮೊನ್ನೆ ಅವನಿಗೆ ಫೋನ್ ಮಾಡಿದೆ. ಮುಂಗಡ ಬೇಡ, ಬಂದಾಗ ಕೊಡಿ ಎಂದವನು ಮಗನ ಕಾಲಿನ ಅಳತೆ ಈಗ ಎಷ್ಟಾಗಿದೆ ಎಂದು ಕೇಳಿ ಬರೆದುಕೊಂಡ.