ಚಿಪ್ ಒಳಗಿನ ಟ್ರಾಫಿಕ್ ಜಾಮ್: ಎಕ್ಸ್‌ವೈ, ಆಡ್-ಈವನ್, ಇಲ್ಲ ಮೂಲದಲ್ಲೇ ತಡೆ?

ಒಂದೇ ಚಿಪ್‌ನಲ್ಲಿ 64 ಕೋರ್ (ಲೆಕ್ಕ ಮಾಡುವ ಘಟಕ) ಇದ್ದರೆ ಅವುಗಳ ನಡುವೆ ಡೇಟಾ ಓಡಾಡುವುದು ದಾರಿ ತೋರಿಸುವ ಪುಟ್ಟ ರೌಟರ್‌ಗಳ ಜಾಲದ ಮೇಲೆ. ಈ ಜಾಲದಲ್ಲಿ ಜಾಮ್ ಆದಾಗ ಯಾವ ಉಪಾಯ ಕೆಲಸಕ್ಕೆ ಬರುತ್ತದೆ ಎಂದು ನೋಡಲು ಮೂರು ಉಪಾಯಗಳನ್ನು ನೋಕ್ಸಿಮ್‌ನಲ್ಲಿ ಓಡಿಸಿದೆ. ಇದು ಇಟಲಿಯ ಕಟಾನಿಯಾ ವಿಶ್ವವಿದ್ಯಾಲಯದವರು ಸಿಸ್ಟಮ್‌ಸಿ ಎಂಬ ಹಾರ್ಡ್‌ವೇರ್ ಮಾದರಿ ಭಾಷೆಯಲ್ಲಿ ಬರೆದ ಸಿಮ್ಯುಲೇಟರ್. ಮೂರಕ್ಕೂ ಒಂದೇ ಸೆಟ್ಟಿಂಗ್: 8x8 ಮೆಶ್ (ಚೌಕುಳಿ ಜಾಲ), ಬಫರ್‌ಗೆ (ರೌಟರ್‌ನಲ್ಲಿ ಡೇಟಾ ಕಾಯುವ ಜಾಗ) 4 ಫ್ಲಿಟ್, ಪ್ಯಾಕೆಟ್‌ಗೆ 8 ಫ್ಲಿಟ್. ಫ್ಲಿಟ್ ಅಂದರೆ ಒಂದು ಸೈಕಲ್‌ನಲ್ಲಿ (ಚಿಪ್‌ನ ಗಡಿಯಾರದ ಒಂದು ಬಡಿತ) ಒಂದು ಲಿಂಕ್ ದಾಟುವ ತುಂಡು. ಪ್ಯಾಕೆಟ್ ಒಂದೇ ಬಫರ್‌ನಲ್ಲಿ ಹಿಡಿಸುವುದಿಲ್ಲ, ಹಾಗಾಗಿ ಮುಂದಿನ ತುಂಡು ನಿಂತರೆ ಹಿಂದಿನ ರೌಟರ್‌ಗಳೂ ಕಟ್ಟಿಕೊಳ್ಳುತ್ತವೆ.

ಮೊದಲು ಎಕ್ಸ್‌ವೈ. ಪ್ಯಾಕೆಟ್ ಮೊದಲು ಅಡ್ಡಕ್ಕೆ ಹೋಗುತ್ತದೆ, ಆಮೇಲೆ ಉದ್ದಕ್ಕೆ. ಅಷ್ಟೇ. ರೌಟರ್ ಚಿಕ್ಕದು, ಪ್ಯಾಕೆಟ್‌ಗಳು ಒಂದಕ್ಕೊಂದು ಕಾಯುತ್ತ ಶಾಶ್ವತವಾಗಿ ನಿಂತುಬಿಡುವ ಡೆಡ್‌ಲಾಕ್ ಇಲ್ಲ, ಪ್ಯಾಕೆಟ್‌ಗಳು ಹೊರಟ ಕ್ರಮದಲ್ಲೇ ತಲುಪುತ್ತವೆ. ಟೈಲೆರಾ ಕಂಪನಿಯ ಟೈಲ್64 ಚಿಪ್ ಇದನ್ನೇ ಬಳಸಿತು. ಬೆಂಗಳೂರಿನ ಎಂಜಿನಿಯರ್‌ಗಳೂ ಸೇರಿ ಮಾಡಿದ ಇಂಟೆಲ್‌ನ 48 ಕೋರ್‌ಗಳ ಎಸ್‌ಸಿಸಿ ಚಿಪ್‌ನಲ್ಲೂ ಇದೇ ಇತ್ತು.

ಎಲ್ಲ ಕೋರ್‌ಗಳೂ ಎಲ್ಲ ಕಡೆಗೂ ಸಮನಾಗಿ ಕಳಿಸುವಾಗ ಎಕ್ಸ್‌ವೈಯೇ ಗೆದ್ದಿತು. ಅದು ಲೋಡನ್ನು ಮೊದಲೇ ಚೆನ್ನಾಗಿ ಹಂಚಿರುತ್ತದೆ. ಎರಡನೆಯ ಉಪಾಯ ಆಡ್-ಈವನ್, ಜಾಮ್ ನೋಡಿ ದಾರಿ ಆರಿಸುವಂಥದ್ದು. ಅದು ಪಕ್ಕದ ಬಫರ್ ಮಾತ್ರ ನೋಡಿ ದಾರಿ ಬದಲಿಸಿ ಆ ಹಂಚಿಕೆಯನ್ನು ಕೆಡಿಸುತ್ತದೆ.

ಟ್ರಾನ್ಸ್‌ಪೋಸ್ ಟ್ರಾಫಿಕ್‌ನಲ್ಲಿ ಕಥೆ ಬೇರೆ. ಇಲ್ಲಿ (3,5)ರ ಕೋರ್ (5,3)ಕ್ಕೆ ಕಳಿಸುತ್ತದೆ, ಮ್ಯಾಟ್ರಿಕ್ಸ್ ಲೆಕ್ಕಗಳಲ್ಲಿ ಬರುವ ಹಾಗೆ. ಎಕ್ಸ್‌ವೈನಲ್ಲಿ ಎಲ್ಲವೂ ಕರ್ಣದ ಮೇಲೇ ತಿರುಗಬೇಕು. ಮೊದಲ ಸಾಲಿನ 7 ಕೋರ್‌ಗಳ ಟ್ರಾಫಿಕ್ ಪೂರ್ತಿ ಮೂಲೆಯ ಒಂದೇ ಲಿಂಕ್‌ಗೆ ಬೀಳುತ್ತದೆ. ಹಾಗಾದರೆ ಪ್ರತಿ ಕೋರ್‌ಗೆ ಸೈಕಲ್‌ಗೆ 1/7, ಅಂದರೆ ಸುಮಾರು 0.14 ಫ್ಲಿಟ್ ದಾಟಿದರೆ ಜಾಮ್ ಖಚಿತ. ಸಮನಾದ ಟ್ರಾಫಿಕ್‌ಗೆ ಇದೇ ಮಿತಿ ಲೆಕ್ಕದಲ್ಲಿ 0.5. ಪಕ್ಕದ ಎಷ್ಟೋ ಲಿಂಕ್‌ಗಳು ಖಾಲಿ ಇದ್ದರೂ ಎಕ್ಸ್‌ವೈ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಆಡ್-ಈವನ್ ಇಲ್ಲಿ ಚೆನ್ನಾಗಿ ಓಡಿತು. ಇದು 2000ದಲ್ಲಿ ಗೆ-ಮಿಂಗ್ ಚಿಯು ಕೊಟ್ಟ ನಿಯಮ. ಪೂರ್ವಕ್ಕೆ ಹೋಗುತ್ತಿರುವ ಪ್ಯಾಕೆಟ್ ಸಮಸಂಖ್ಯೆಯ ಕಾಲಮ್‌ನಲ್ಲಿ ಉತ್ತರಕ್ಕೋ ದಕ್ಷಿಣಕ್ಕೋ ತಿರುಗುವಂತಿಲ್ಲ. ಉತ್ತರಕ್ಕೋ ದಕ್ಷಿಣಕ್ಕೋ ಹೋಗುತ್ತಿರುವುದು ಬೆಸಸಂಖ್ಯೆಯ ಕಾಲಮ್‌ನಲ್ಲಿ ಪಶ್ಚಿಮಕ್ಕೆ ತಿರುಗುವಂತಿಲ್ಲ. ಇಷ್ಟರಿಂದಲೇ ವರ್ಚುವಲ್ ಚಾನೆಲ್ (ಒಂದೇ ಲಿಂಕ್ ಹಂಚಿಕೊಳ್ಳುವ ಬೇರೆಬೇರೆ ಬಫರ್‌ಗಳು) ಇಲ್ಲದೆಯೂ ಡೆಡ್‌ಲಾಕ್ ತಪ್ಪುತ್ತದೆ, ದಾರಿ ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಉಳಿಯುತ್ತದೆ. ನನಗೆ ತುಂಬಾ ಇಷ್ಟವಾದ ಉಪಾಯ ಇದು. ಆದರೆ ಪ್ಯಾಕೆಟ್‌ಗಳು ಹಿಂದುಮುಂದಾಗಿ ಬರುತ್ತವೆ. ಅವನ್ನು ಮತ್ತೆ ಜೋಡಿಸಲು ಕೊನೆಯಲ್ಲಿ ಬಫರ್ ಬೇಕು, ಅದಕ್ಕೆ ಚಿಪ್‌ನಲ್ಲಿ ಜಾಗ ಬೇಕು.

ನಿಜವಾದ ಪರೀಕ್ಷೆ ಹಾಟ್‌ಸ್ಪಾಟ್. ಎಲ್ಲರೂ ಒಂದೇ ಮೆಮೊರಿ ಕಂಟ್ರೋಲರ್ (ಚಿಪ್ ಹೊರಗಿನ ಮೆಮೊರಿಗೆ ಬಾಗಿಲು) ಕಡೆ ಓಡುವುದು ನಿಜವಾದ ಚಿಪ್‌ಗಳಲ್ಲಿ ಮಾಮೂಲು ಅಲ್ವಾ? ಕಂಟ್ರೋಲರ್ ಸೈಕಲ್‌ಗೆ 1 ಫ್ಲಿಟ್ ನುಂಗುತ್ತದೆ ಅಂದುಕೊಳ್ಳಿ. 63 ಕೋರ್‌ಗಳು ಹಂಚಿಕೊಂಡರೆ ತಲಾ ಸುಮಾರು 0.016. ಯಾವ ದಾರಿ ಹಿಡಿದರೂ ಈ ಅಂಕಿ ಏರುವುದಿಲ್ಲ. ಕಂಟ್ರೋಲರ್ ಬಾಗಿಲಲ್ಲಿ ನಿಂತ ಸಾಲು ಮರದ ಕೊಂಬೆಗಳಂತೆ ಹಿಂದಕ್ಕೆ ಹಬ್ಬುತ್ತದೆ. ಸಂಶೋಧಕರಾದ ಫಿಸ್ಟರ್ ಮತ್ತು ನಾರ್ಟನ್ 1985ರಲ್ಲೇ ಇದನ್ನು ತೋರಿಸಿದ್ದರು.

ಹಾಗಾಗಿ ನಾನು ಗಮನಿಸಿದ್ದು ಮೆಮೊರಿಗೆ ಸಂಬಂಧವೇ ಇಲ್ಲದ ಪ್ಯಾಕೆಟ್‌ಗಳನ್ನು. ಎಕ್ಸ್‌ವೈನಲ್ಲಿ ಅವು ಸಿಕ್ಕಿಬಿದ್ದವು. ಆಡ್-ಈವನ್‌ನಲ್ಲಿ ಇನ್ನೂ ಜಾಸ್ತಿ ಸಿಕ್ಕಿಬಿದ್ದವು! ಮೆಮೊರಿಗೆ ಹೊರಟ ಪ್ಯಾಕೆಟ್‌ಗಳು ಖಾಲಿ ದಾರಿ ಹುಡುಕಿ ಹುಡುಕಿ ಚೆನ್ನಾಗಿದ್ದ ಬಫರ್‌ಗಳನ್ನೂ ತುಂಬಿದ್ದವು.

ಮೂರನೆಯದು ಮೂಲದಲ್ಲೇ ತಡೆ. ನೋಕ್ಸಿಮ್‌ನ ಪ್ರೊಸೆಸಿಂಗ್ ಎಲಿಮೆಂಟ್ (ಕೋರ್‌ನ ಪಾತ್ರ ವಹಿಸುವ ಭಾಗ) ಕೋಡ್‌ಗೆ ಒಂದು ಮಿತಿ ಸೇರಿಸಿದೆ: ಮೆಮೊರಿಗೆ ಕಳಿಸಿದ ಇಷ್ಟು ಕೋರಿಕೆಗಳಿಗೆ ಉತ್ತರ ಬರುವ ತನಕ ಹೊಸದನ್ನು ಬಿಡಬೇಡ. ಉಳಿದದ್ದೆಲ್ಲ ಎಕ್ಸ್‌ವೈ. ಮೆಮೊರಿ ಮೊದಲಿನಷ್ಟೇ ಕೆಲಸ ಮಾಡಿತು, ಆದರೆ ಬೇರೆ ಟ್ರಾಫಿಕ್‌ನ ವಿಳಂಬ ಜಾಮ್ ಇಲ್ಲದಾಗಿನ ಮಟ್ಟಕ್ಕೆ ಹತ್ತಿರ ಬಂತು.

ಕೋರ್ ಜಾಸ್ತಿ, ಮೆಮೊರಿ ಕಂಟ್ರೋಲರ್ ಕಡಿಮೆ ಇರುವ ಚಿಪ್‌ಗೆ ನಾನು ಕಣ್ಣುಮುಚ್ಚಿ ಎಕ್ಸ್‌ವೈ ಜೊತೆ ಮೂಲದ ತಡೆಯನ್ನೇ ಹಾಕುತ್ತೇನೆ. ಕೋರ್‌ಗಳು ತಮ್ಮತಮ್ಮಲ್ಲೇ ಮ್ಯಾಟ್ರಿಕ್ಸ್ ತುಂಡುಗಳನ್ನು ಬದಲಿಸಿಕೊಳ್ಳುವ ಆಕ್ಸಲರೇಟರ್ ಆದರೆ ಮಾತ್ರ ಆಡ್-ಈವನ್. ತಡೆ ಹಾಕುವವರು ಮಿತಿಯ ಅಂಕಿ ಆರಿಸುವಾಗ ಹುಷಾರಾಗಿರಬೇಕು. ತೀರಾ ಕಡಿಮೆ ಇಟ್ಟರೆ ಜಾಲ ಖಾಲಿ ಇದ್ದಾಗಲೂ ಒಂಟಿಯಾಗಿ ಓಡುತ್ತಿರುವ ಕೋರ್ ಸುಮ್ನೆ ಕಾಯುತ್ತದೆ. ಮಿತಿಯನ್ನು ಕಂಟ್ರೋಲರ್‌ನ ಸಾಲಿನ ಉದ್ದ ನೋಡಿ ಏರಿಸಿ ಇಳಿಸುವ ಹಾಗೆ ಮಾಡಿದ ಮೇಲೆ ಈ ತೊಂದರೆ ಬಹುಮಟ್ಟಿಗೆ ಹೋಯಿತು.