ಉಡುಪಿಯ ವಿಕಲಚೇತನ ಯುವಜನರ ತರಬೇತಿಗೆ ಹೋಗಬಹುದಾ?

ಉಡುಪಿಯಲ್ಲಿ ಒಂದು ಸಂಸ್ಥೆ ಶನಿವಾರ, ಭಾನುವಾರ ನಡೆಸುವ ತರಬೇತಿ ಇದು. ಊರಲ್ಲಿ ಮುಂದೆ ನಿಂತು ಕೆಲಸ ಮಾಡುವುದು, ಹಕ್ಕು ಕೇಳುವುದು ಹೇಗೆ ಅಂತ ವಿಕಲಚೇತನ ಯುವಕ ಯುವತಿಯರಿಗೆ ಹೇಳಿಕೊಡುತ್ತಾರೆ. ಊಟ ಸೇರಿ 300 ರೂಪಾಯಿ. ನಾನು ಬ್ರಹ್ಮಾವರದಲ್ಲಿ ಹೊಲಿಗೆ ಅಂಗಡಿ ಇಟ್ಟವಳು, ಎಡಗಾಲಿಗೆ ಕ್ಯಾಲಿಪರ್ (ಆಸರೆಯ ಸರಳು). ಇಂಥ ಕಾರ್ಯಕ್ರಮ ಅಂದರೆ ನನಗೆ ಮೊದಲೇ ಅಲರ್ಜಿ. ವೇದಿಕೆಯಲ್ಲಿ ಕೂರಿಸಿ, ಶಾಲು ಹೊದಿಸಿ, ಫೋಟೋ ತೆಗೆದು ಕಳಿಸುವುದೇ ಜಾಸ್ತಿ. ಇಲ್ಲಿ ಶಾಲು ಇರಲಿಲ್ಲ. ಅರ್ಧ ಮಾರ್ಕು ಅದಕ್ಕೇ.

ಪಾಠ ಮಾಡುವವರಲ್ಲಿ ಹೆಚ್ಚಿನವರು ವಿಕಲಚೇತನರೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಸೇರಿದ್ದು, ಸರ್ಕಾರಿ ಕೆಲಸದಲ್ಲಿ ಶೇ 4 ಮೀಸಲಾತಿ, ಇದೆಲ್ಲ ಬೇಗ ಮುಗಿಸಿದರು. ಅರ್ಜಿ ಬರೆಸುವುದಕ್ಕೆ ಮಾತ್ರ ಮಧ್ಯಾಹ್ನವಿಡೀ ಹೋಯಿತು. "ದಯವಿಟ್ಟು ಕರುಣೆ ತೋರಿ" ಅಂತ ಬರೆದರೆ ಕೆಂಪು ಗೆರೆ. ಯಾವ ಕಲಂ, ಏನು ಬೇಕು, ಎಷ್ಟು ದಿನದೊಳಗೆ, ಅಷ್ಟೇ ಬರೆಯಬೇಕು. ಕೊಟ್ಟ ಮೇಲೆ ನಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಹೊರಗೆ ಬರಬಾರದು.

ಆಮೇಲೆ ಟೇಪ್ ಕೊಟ್ಟು ರ‍್ಯಾಂಪ್ ಅಳೆಯುವುದು ಕಲಿಸಿದರು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು. ಗಾಲಿಕುರ್ಚಿಯ ಹುಡುಗನೊಬ್ಬ ಸೀದಾ ಹೋಗಿ ಅದೇ ಸಭಾಂಗಣದ ರ‍್ಯಾಂಪಿಗೆ ಟೇಪ್ ಹಿಡಿಸಿದ. ಎರಡು ಅಡಿ ಎತ್ತರಕ್ಕೆ ಉದ್ದ ಬರೀ ಹನ್ನೊಂದು ಅಡಿ! ಮೊದಲ ಅರ್ಜಿ ಸಂಘಟಕರಿಗೇ ಹೋಯಿತು ಮಾರಾಯ್ರೇ. ಅವರು ನಗುತ್ತಾ ಸೀಲು ಹಾಕಿ ಕೊಟ್ಟರು. ರ‍್ಯಾಂಪ್ ಉದ್ದ ಆಗುತ್ತದಾ ನೋಡಬೇಕು.

ನನಗೆ ತುಂಬಾ ಹಿಡಿಸಿದ್ದು ಬ್ರಾಡ್ ಲೋಮ್ಯಾಕ್ಸ್ ಕಥೆ. ಅಮೆರಿಕದ ಓಕ್ಲೆಂಡಿನ ಕಪ್ಪು ಯುವಕ, ಕಪ್ಪು ಜನರ ಹಕ್ಕಿಗೆ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವನು. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರಗಳ ಕಾಯಿಲೆಯಿಂದ ಗಾಲಿಕುರ್ಚಿ ಹಿಡಿದಿದ್ದ. ಬಸ್ ಹತ್ತಬೇಕಾದರೆ ಸಹೋದರ ಅವನನ್ನು ಎತ್ತಿ ಒಳಗೆ ಕೂರಿಸಿ, ಮತ್ತೆ ಇಳಿದು ಕುರ್ಚಿ ತರಬೇಕಿತ್ತು. ನಮ್ಮ ಮಂಗಳೂರು ಎಕ್ಸ್‌ಪ್ರೆಸ್ ಬಸ್ಸುಗಳ ಮೆಟ್ಟಿಲು ನೋಡಿದವರಿಗೆ ಬಿಡಿಸಿ ಹೇಳಬೇಕಾ? ವಿಕಲಚೇತನರಿಗೆ ತಾರತಮ್ಯ ಮಾಡಬಾರದು ಅನ್ನುವ 504ನೇ ಕಲಂ ಅಮೆರಿಕದ ಕಾನೂನಿನಲ್ಲಿ 1973ರಲ್ಲೇ ಬಂದಿತ್ತು, ಅದನ್ನು ಜಾರಿಗೆ ತರುವ ನಿಯಮಕ್ಕೆ ಮಾತ್ರ ಸಹಿ ಬಿದ್ದಿರಲಿಲ್ಲ. 1977ರ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದೊಳಗೆ ನೂರಕ್ಕೂ ಹೆಚ್ಚು ಜನ ಧರಣಿ ಕೂತರು, ಮೂರು ವಾರಕ್ಕೂ ಜಾಸ್ತಿ. ಲೋಮ್ಯಾಕ್ಸ್ ಒಳಗಿದ್ದ. ಪ್ಯಾಂಥರ್‌ಗಳು ದಿನಾ ಬಿಸಿ ಊಟ ತಂದುಕೊಟ್ಟರು. ಏಪ್ರಿಲ್ 28ಕ್ಕೆ ಸಹಿ ಆಯಿತು. ಊಟ ಬಾರದಿದ್ದರೆ ಧರಣಿ ಅಷ್ಟು ದಿನ ನಿಲ್ಲುತ್ತಿತ್ತಾ, ನನಗಂತೂ ಸಂಶಯ.

ಕಥೆ ಮುಗಿದಾಗ ಕರಾವಳಿಯ ಬುಡಕಟ್ಟಾದ ಕೊರಗ ಸಮುದಾಯದ ಒಬ್ಬಳು ಹುಡುಗಿ ಎದ್ದಳು. ಅವಳಿಗೆ ದೃಷ್ಟಿ ಮಂದ. "ಒಂದು ಕಚೇರಿಗೆ ಹೋದರೆ ನೀನು ಕೊರಗರ ಲೆಕ್ಕಕ್ಕೆ ಅಂತಾರೆ, ಅಲ್ಲಿಗೆ ಹೋದರೆ ವಿಕಲಚೇತನರ ಲೆಕ್ಕಕ್ಕೆ ಅಂತಾರೆ. ಎರಡೂ ಕಡೆ ನಾಳೆ ಬಾ ಅಂತಾರೆ ಅಕ್ಕ" ಅಂದಳು. ಕೊರಗರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಗೆ 2000ದಲ್ಲೇ ಕಾನೂನಿನ ನಿಷೇಧ ಬಂದಿದೆ. ಆದರೆ ಕೌಂಟರಿನ ಮುಂದೆ ನಿಂತವಳಿಗೆ ಜಾತಿ, ಕಣ್ಣು ಎರಡೂ ಒಟ್ಟಿಗೇ ಅಡ್ಡ ಬರುತ್ತವೆ ಅಲ್ವಾ? ಸಂಘಟಕರು ಮುಂದಿನ ಅರ್ಜಿ ಬರೆಸುವ ಜವಾಬ್ದಾರಿ ಅವಳಿಗೇ ಕೊಟ್ಟರು. ಇದು ನನಗೆ ಸರಿ ಕಂಡಿತು.

ಕೊರತೆಗಳೂ ಉಂಟು. ಸಂಜ್ಞಾ ಭಾಷೆಯವರು ಶನಿವಾರ ಮಾತ್ರ ಇದ್ದರು. ಭಾನುವಾರ ಕಿವಿ ಕೇಳದ ಇಬ್ಬರು ಸುಮ್ನೆ ಕೂರಬೇಕಾಯಿತು, ಇದು ಕ್ಷಮಿಸುವಂಥದ್ದಲ್ಲ. ಶೌಚಾಲಯದ ಬಾಗಿಲು ಕಿರಿದು. ಕುಚ್ಚಲಕ್ಕಿ ಅನ್ನ, ಸಾರು ಚೆನ್ನಾಗಿತ್ತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಜೊತೆಗೆ ಬರುವ ಅಪ್ಪ ಅಮ್ಮಂದಿರನ್ನು ಒಳಗೆ ಬಿಡುವುದಿಲ್ಲ, ಹೊರಗೆ ಬೇರೆ ಕೋಣೆ ಇದೆ. ಕೆಲವರು ಇದಕ್ಕೆ ಗಲಾಟೆ ಮಾಡಿದರು. ನಾನಂತೂ ಸಂಘಟಕರ ಪರ. ಪಕ್ಕದಲ್ಲಿ ಅಮ್ಮ ಕೂತಿದ್ದರೆ ಯಾರು ಬಾಯಿ ಬಿಡುತ್ತಾರೆ ಹೇಳಿ?