ಹಳದಿಯಾದ ಸಂಪಿಗೆಗೆ ಅನ್ನಭೇದಿಯೋ, ಕೆಂಪು ಪುಡಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೆಂಪು ಪುಡಿಗೆ. ಎರಡೂ ಗಿಡಕ್ಕೆ ಕಬ್ಬಿಣ ಕೊಡುವಂಥವೇ. ಕೆಂಪು ಪುಡಿಗೆ ಐರನ್ ಇಡಿಡಿಎಚ್‌ಎ ಅಂತ ಹೆಸರು. ಅದು ನನ್ನ ಬಾಯಿಗೆ ಸರಿಯಾಗಿ ಬರುವಷ್ಟರಲ್ಲಿ ಸಂಪಿಗೆ ಹಸಿರಾಗಿತ್ತು.

ಮೈಸೂರಿನಲ್ಲಿ ನಮ್ಮದು 30×40 ಸೈಟು. ಗೇಟಿನ ಪಕ್ಕ ಉಳಿದ ನಾಲ್ಕಡಿ ಜಾಗದಲ್ಲಿ ಸಂಪಿಗೆ ನೆಟ್ಟಿದ್ದೆವು. ನಾಲ್ಕನೇ ವರ್ಷ ಚಿಗುರೆಲ್ಲ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತು. ಎಲೆ ಹಳದಿ, ನರ ಮಾತ್ರ ಹಸಿರು. ನರ್ಸರಿಯವರು ಯೂರಿಯಾ ಹಾಕಿ ಅಂದರು, ಹಾಕಿದೆ. ಏನೂ ಆಗಲಿಲ್ಲ. ಸಾರಜನಕ ಕಮ್ಮಿಯಾದರೆ ಕೆಳಗಿನ ಹಳೇ ಎಲೆ ಮೊದಲು ಹಳದಿಯಾಗಬೇಕು, ಅಲ್ವಾ? ನಮ್ಮ ಗಿಡದಲ್ಲಿ ಹಳೇ ಎಲೆ ಚೆನ್ನಾಗಿಯೇ ಇತ್ತು, ಸೊರಗಿದ್ದು ಹೊಸ ಚಿಗುರು. ಕಬ್ಬಿಣ ಸಿಗದಿದ್ದರೆ ಹೀಗಾಗುತ್ತದೆ.

ರೆಂಬೆಯ ತೊಗಟೆ ಉಗುರಲ್ಲಿ ಕೆರೆದೆ, ಒಳಗೆ ಹಸಿರಿತ್ತು. ಜೀವ ಇದೆ ಅಂತಾಯಿತು. ಪಾತಿಯಿಂದ ಒಂದು ಹಿಡಿ ಮಣ್ಣು ತೆಗೆದು ವಿನೆಗರ್ ಸುರಿದರೆ ಬುಸ್ ಅಂತ ನೊರೆ ಎದ್ದಿತು. ಸುಣ್ಣ! ಮನೆ ಕಟ್ಟಿದವರು ಗಾರೆ, ಸಿಮೆಂಟು ಚೂರು ಎಲ್ಲ ಅಲ್ಲೇ ಹೂತು, ಮೇಲೆ ಕೆಂಪು ಮಣ್ಣು ಹರಡಿ ಹೋಗಿದ್ದರು. ಇಂಥ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ.

ಮೊದಲು ತಂದಿದ್ದು ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್ ಅನ್ನುವ ಕಬ್ಬಿಣದ ಲವಣ. ತೀರಾ ಅಗ್ಗ. ಲೀಟರ್ ನೀರಿಗೆ 5 ಗ್ರಾಂ ಕಲಸಿ ಎಲೆಗೆ ಸಿಂಪಡಿಸಿದೆ. ಎಲೆಯ ಮೇಲೆ ಹನಿ ಬಿದ್ದಲ್ಲಿ ಮಾತ್ರ ಹಸಿರು ಚುಕ್ಕೆ, ಉಳಿದದ್ದು ಹಳದಿಯೇ. ಹತ್ತು ದಿನಕ್ಕೊಮ್ಮೆ ಮತ್ತೆ ಸಿಂಪಡಿಸಬೇಕು. ಮಣ್ಣಿಗೆ ಹಾಕಿದ್ದಂತೂ ಸುಣ್ಣದ ಜೊತೆ ಸೇರಿ ಸುಮ್ನೆ ಹಾಳು.

ಅದೂ ಹೋಗಲಿ. ಗೇಟಿನ ಪಕ್ಕದ ಗಿಡ, ಕೆಳಗೆ ತಿಳಿ ಬೂದು ಬಣ್ಣದ ಟೈಲ್ಸ್. ಸಿಂಪಡಿಸುವಾಗ ತೊಟ್ಟಿಕ್ಕಿದ ನೀರು ಕಣ್ಣಿಗೇ ಕಾಣಲಿಲ್ಲ. ಮರುದಿನ ನೋಡಿದರೆ ನೆಲದ ತುಂಬ ಕಂದು ಚುಕ್ಕೆ. ಅತ್ತೆ ಪೊರಕೆ ಹಿಡಿದು ನಿಂತಿದ್ದರು. "ಏನೇ ಇದು, ಕಾಫಿ ಚೆಲ್ಕೊಂಡ್ಯಾ?" ಸೋಪಿನಲ್ಲಿ ಉಜ್ಜಿದೆ, ಹೋಗಲಿಲ್ಲ. ನಿಂಬೆಹಣ್ಣಿಗೆ ಕೊಂಚ ತಿಳಿಯಾಯಿತು, ಅಷ್ಟೇ. ಅದು ತುಕ್ಕಿನ ಕಲೆ. ಕೊನೆಗೆ ಆಕ್ಸಾಲಿಕ್ ಆಸಿಡ್ ತಂದು, ಕೈಗವಸು ಹಾಕಿಕೊಂಡು, ಒಂದು ಭಾನುವಾರ ಪೂರ್ತಿ ಕುಕ್ಕರಗಾಲಲ್ಲಿ ಕೂತು ಉಜ್ಜಿದೆ. ಗಿಡದ ಔಷಧಿಗಿಂತ ನೆಲದ ಔಷಧಿಗೇ ದುಡ್ಡು ಜಾಸ್ತಿ ಹೋಯಿತು.

ಕಬ್ಬಿಣದ ಇನ್ನೊಂದು ಗೊಬ್ಬರ ಐರನ್ ಇಡಿಟಿಎ: ಹುಳಿ ಮಣ್ಣಿಗೆ ಸರಿ, ಸುಣ್ಣದ ಮಣ್ಣಲ್ಲಿ ನಿಲ್ಲುವುದಿಲ್ಲ.

ಹಾರೆ ಹಿಡಿದು ಗಾರೆ ಚೂರು ತೆಗೆಯುವುದೇ ನಿಜವಾದ ಚಿಕಿತ್ಸೆ, ಒಪ್ಪುತ್ತೇನೆ. ಎರಡು ಬಾಂಡಲಿ ತೆಗೆದೆ. ಆಮೇಲೆ ಬೇರು ಸಿಕ್ಕಿತು, ಜೊತೆಗೆ ಸೊಂಟ ಹಿಡಿಯಿತು. ಅಲ್ಲಿಗೇ ನಿಲ್ಲಿಸಿ ತರಗೆಲೆ ಮುಚ್ಚಿದೆ.

ಇನ್ನು ಕೆಂಪು ಪುಡಿ. ಪೊಟ್ಟಣ ಚಿಕ್ಕದು, ರೇಟು ನೋಡಿ ಎದೆ ಧಸಕ್ಕೆಂದಿತ್ತು. ಆದರೆ ಮಣ್ಣಿನ ಪಿಎಚ್ 9ರ ಹತ್ತಿರ, ಅಂದರೆ ತೀರಾ ಕ್ಷಾರ ಇದ್ದರೂ ಕೆಲಸ ಮಾಡುತ್ತದೆ. ಬಿಸಿಲಿಗೆ ಕೆಡುತ್ತದೆ ಅಂತ ಸಂಜೆ ಹೊತ್ತು ನೀರಲ್ಲಿ ಕಲಸಿ ಪಾತಿಗೆ ಹೊಯ್ದೆ. ಬಣ್ಣ ಥೇಟ್ ಬೀಟ್‌ರೂಟ್ ರಸ. ಮೂರು ವಾರಕ್ಕೆ ಬಂದ ಚಿಗುರು ಹಸಿರಾಗಿತ್ತು. ಹತ್ತು ದಿನಕ್ಕೊಮ್ಮೆ ಸಿಂಪಡಿಸುವ ಶಿಸ್ತು ನನಗಿಲ್ಲ. ಇರುವುದು ಒಂದೇ ಮರ, ವರ್ಷಕ್ಕೆ ಎರಡು ಮೂರು ಸಲ ಹಾಕಿದರೆ ಸಾಕು. ಹಾಗಾಗಿ ರೇಟು ಹೊರೆ ಅನ್ನಿಸಲಿಲ್ಲ. ತೋಟದ ತುಂಬ ಗಿಡ ಇದ್ದವರ ಲೆಕ್ಕ ಬೇರೆ.

ಗೇಟಿನ ಹತ್ತಿರ ಎರಡು ಕಲೆ ಹಾಗೇ ಉಳಿದಿವೆ. ಅತ್ತೆ ಅದರ ಮೇಲೆ ಚಪ್ಪಲಿ ಸ್ಟ್ಯಾಂಡ್ ಇಟ್ಟಿದ್ದಾರೆ.